ಅಂಚು ದಾಟಿದ ಕೊಂಬೆ: ಚೀನಾ ಅರಮನೆಯ ಹೂವಿನ ತಟ್ಟೆಗಳನ್ನು ನೋಡುವ ಬಗೆ

ತಟ್ಟೆಯ ಹೊರಮೈಯಲ್ಲಿ, ಬುಡದ ಉಂಗುರದ ಪಕ್ಕದಲ್ಲೇ ಒಂದು ಪೀಚ್ ಮರದ ಕೊಂಬೆ ಶುರುವಾಗುತ್ತದೆ. ಕಂದು ತೊಗಟೆ, ಅಲ್ಲಲ್ಲಿ ಗಂಟು. ಅದು ಮೇಲಕ್ಕೆ ಹತ್ತಿ ಅಂಚನ್ನು ಮುಟ್ಟುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಅಂಚು ದಾಟಿ ಒಳಗಿಳಿದು, ಬಿಳಿ ಮೈಯ ಮೇಲೆ ಹರಡಿಕೊಂಡು, ಹೂ ಬಿಟ್ಟು ಹಣ್ಣಾಗುತ್ತದೆ. ಹೊರಗಿನ ಗೆರೆ ಅಂಚಿಗೆ ಎಲ್ಲಿ ಬಂದು ಸೇರಿತೋ, ಒಳಗಿನ ಗೆರೆ ಸರಿಯಾಗಿ ಅಲ್ಲಿಂದಲೇ ಮುಂದುವರಿಯುತ್ತದೆ. ಒಳಗೂ ಹೊರಗೂ ಸೇರಿ ಎಂಟು ಹಣ್ಣು, ಐದು ಬಾವಲಿ. ಚೀನಾದಲ್ಲಿ ಪೀಚ್ ಅಂದರೆ ದೀರ್ಘಾಯುಷ್ಯ, ಬಾವಲಿ ಅಂದರೆ ಸೌಭಾಗ್ಯ. ಈ ಬಗೆಯ ತಟ್ಟೆಗಳು ಯೊಂಗ್‌ಝೆಂಗ್ ಚಕ್ರವರ್ತಿಯ ಕಾಲದವು, ಅಂದರೆ 1723ರಿಂದ 1735ರ ನಡುವೆ ಮಾಡಿದವು. ಗೋಡೆಯಾಚೆಗೆ ಚಾಚಿದ ಕೊಂಬೆ ಅಂತ ಚೀನೀಯರು ಈ ವಿನ್ಯಾಸವನ್ನು ಕರೆಯುತ್ತಾರೆ.

ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅದೇ ಮಣ್ಣಿನಿಂದ ಲಕ್ಷಗಟ್ಟಲೆ ಹೂವಿನ ತಟ್ಟೆಗಳು ತಯಾರಾಗಿ ಹಡಗು ಹತ್ತಿ ಯುರೋಪಿಗೆ ಹೋದವು. ಅವೂ ಚೆನ್ನಾಗಿಯೇ ಇವೆ. ಆದರೆ ಅವನ್ನು ಯಾರೂ ಅರಮನೆಯ ತಟ್ಟೆ ಅನ್ನುವುದಿಲ್ಲ. ಹಾಗಾದರೆ ಒಂದು ತಟ್ಟೆಯನ್ನು ಅರಮನೆಯದ್ದಾಗಿ ಮಾಡುವುದು ಏನು? ತಳದಲ್ಲಿ ಬರೆದ, ಯಾವ ರಾಜನ ಕಾಲದ್ದು ಅಂತ ಹೇಳುವ ಆರು ಅಕ್ಷರ ಅಂತ ಹೆಚ್ಚಿನವರು ಹೇಳುತ್ತಾರೆ. ನನ್ನ ಪ್ರಕಾರ ಆ ಅಕ್ಷರಗಳನ್ನು ಕೊನೆಗೆ ನೋಡಬೇಕು. ಒಂದು ಚಿತ್ರವನ್ನು ಯಾರು ಆಜ್ಞೆ ಮಾಡಿದರು, ಎಷ್ಟು ಕೈ ಅದನ್ನು ಹಂಚಿಕೊಂಡವು, ಎಷ್ಟು ತಟ್ಟೆಗಳನ್ನು ತಿರಸ್ಕರಿಸಿದ ಮೇಲೆ ಇದೊಂದು ಉಳಿಯಿತು: ಅರಮನೆಯ ತಟ್ಟೆಯ ಗುಟ್ಟು ಇರುವುದು ಇಲ್ಲಿ. ಇದು ತಟ್ಟೆಯ ಮೈಮೇಲೆಯೇ ಕಾಣುತ್ತದೆ.

ಆ ಊರು ಜಿಂಗ್‌ದೆಝೆನ್. ದಕ್ಷಿಣ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದಲ್ಲಿದೆ. ಸುತ್ತಲಿನ ಬೆಟ್ಟಗಳಲ್ಲಿ ಎರಡು ವಸ್ತು ಸಿಗುತ್ತವೆ. ಒಂದು ಕೆಯೋಲಿನ್ ಎಂಬ ಬಿಳಿ ಜೇಡಿ. ಇನ್ನೊಂದು ಪುಡಿ ಮಾಡಿ ಬಳಸುವ ಪಿಂಗಾಣಿ ಕಲ್ಲು. ಜೇಡಿ ಆಕಾರವನ್ನು ಹಿಡಿದಿಡುತ್ತದೆ. ಕಲ್ಲು ಕಾವಿಗೆ ಕರಗಿ ಗಾಜಿನಂತಾಗಿ ಎಲ್ಲವನ್ನೂ ಬೆಸೆಯುತ್ತದೆ. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹೀಗೆ ಸುಟ್ಟ ಪಿಂಗಾಣಿ ತಟ್ಟಿದರೆ ಠಣ್ ಅನ್ನುತ್ತದೆ. ತೆಳುವಾಗಿದ್ದರೆ ಬೆಳಕಿಗೆ ಹಿಡಿದಾಗ ಆಚೆಗಿನ ಬೆರಳಿನ ನೆರಳು ಈಚೆಗೆ ಕಾಣುತ್ತದೆ. ಮಿಂಗ್ ವಂಶದ ಆರಂಭದಲ್ಲಿ, ಹದಿನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ, ಅರಮನೆಗಾಗಿಯೇ ದುಡಿಯುವ ಕಾರ್ಖಾನೆ ಇಲ್ಲಿ ನೆಲೆ ನಿಂತಿತು. 1911ರಲ್ಲಿ ಕೊನೆಯ ರಾಜವಂಶ ಬೀಳುವವರೆಗೆ, ನಡುವೆ ಯುದ್ಧ ದಂಗೆಗಳಿಂದ ನಿಂತು ನಿಂತು, ಅದು ನಡೆಯಿತು.

ಮೊದಲು ನೀಲಿ ಹೂವುಗಳನ್ನು ನೋಡೋಣ. ಯೊಂಗ್‌ಲೆ ಚಕ್ರವರ್ತಿಯ ಕಾಲದ (1403ರಿಂದ 1424) ಒಂದು ವಿನ್ಯಾಸ ನನಗೆ ತುಂಬಾ ಇಷ್ಟ. ತಟ್ಟೆಯ ನಡುವೆ ತಾವರೆಯ ಒಂದು ಗೊಂಚಲು. ಹೂವು, ಎಲೆ, ಬೀಜದ ಕಾಯಿ, ಜೊತೆಗೆ ಬೇರೆ ನೀರು ಗಿಡಗಳ ಎಳೆ. ಎಲ್ಲವನ್ನೂ ಸೇರಿಸಿ ರಿಬ್ಬನ್ನಿನಿಂದ ಕಟ್ಟಿದ್ದಾರೆ. ರಿಬ್ಬನ್ನಿನ ತುದಿಗಳು ಗಾಳಿಗೆ ಹಾರುತ್ತಿವೆ. ಸುತ್ತ ಹೂಬಳ್ಳಿ, ಅಂಚಿನಲ್ಲಿ ಇನ್ನೊಂದು ಬಳ್ಳಿ.

ಈ ನೀಲಿ ಕೋಬಾಲ್ಟ್‌ನಿಂದ ಬರುತ್ತದೆ. ಕೋಬಾಲ್ಟ್ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಇನ್ನೂ ಸುಡದ ಹಸಿ ತಟ್ಟೆಯ ಮೇಲೆ ಕುಂಚದಿಂದ ಬರೆಯಬೇಕು. ಒಣಗಿದ ಮಣ್ಣು ಬಣ್ಣದ ನೀರನ್ನು ಮಳೆ ಕಾಣದ ನೆಲದಂತೆ ಕುಡಿದುಬಿಡುತ್ತದೆ. ಅಳಿಸಲು ಆಗುವುದಿಲ್ಲ. ಕುಂಚ ಒಂದು ಕ್ಷಣ ಜಾಸ್ತಿ ನಿಂತರೂ ಅಲ್ಲಿ ಕಲೆ. ಬರೆಯುವಾಗ ಬಣ್ಣ ನೀಲಿಯಾಗಿಯೂ ಕಾಣುವುದಿಲ್ಲ, ಬೂದುಗಪ್ಪು ಅಷ್ಟೇ. ಸುಟ್ಟ ಮೇಲೆ ಎಷ್ಟು ಗಾಢ ಬರಬಹುದು ಅನ್ನುವುದನ್ನು ಕೈಯೇ ಲೆಕ್ಕ ಹಾಕಬೇಕು. ಬರೆದು ಮುಗಿದ ಮೇಲೆ ಪಾರದರ್ಶಕ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನ ಪದರವಾಗುವ ಲೇಪ, ಹಚ್ಚಿ ಒಮ್ಮೆಗೇ ಸುಡುತ್ತಾರೆ. ಆದ್ದರಿಂದ ನೀಲಿ ಗ್ಲೇಜ್‌ನ ಅಡಿಯಲ್ಲಿರುತ್ತದೆ. ನೂರಾರು ವರ್ಷ ಉಪಯೋಗಿಸಿದರೂ ಸವೆಯುವುದಿಲ್ಲ.

ಯೊಂಗ್‌ಲೆ ಮತ್ತು ನಂತರ ಬಂದ ಷುವಾಂದೆ (1426ರಿಂದ 1435) ಕಾಲದಲ್ಲಿ ಪಶ್ಚಿಮದ ಮುಸ್ಲಿಂ ನಾಡುಗಳ ಕಡೆಯಿಂದ ಕೋಬಾಲ್ಟ್ ತರಿಸುತ್ತಿದ್ದರು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಣ್ಣ ದಪ್ಪ ಕೂತ ಕಡೆ ಆ ಕಬ್ಬಿಣ ಗ್ಲೇಜ್‌ನ ಮೇಲಕ್ಕೆ ಬಂದು ಕಪ್ಪು ಚುಕ್ಕೆಯಾಗುತ್ತದೆ. ಎಲೆಯ ತುದಿಯಲ್ಲಿ, ಬಳ್ಳಿ ತಿರುಗುವ ಮೂಲೆಯಲ್ಲಿ ಇಂಥ ಚುಕ್ಕೆಗಳು ಸಿಗುತ್ತವೆ. ಬೆರಳಿಟ್ಟರೆ ಅಲ್ಲಿ ಮೈ ಕೊಂಚ ತಗ್ಗಿದ್ದು ಗೊತ್ತಾಗುತ್ತದೆ. ಆಗಿನವರ ಕಣ್ಣಿಗೆ ಇದು ಅದಿರಿನ ಗುಣವಷ್ಟೇ. ಮುನ್ನೂರು ವರ್ಷಗಳ ನಂತರ, ಮಿಂಗ್ ಆದಮೇಲೆ ಬಂದ ಕ್ವಿಂಗ್ ವಂಶದ ಚಕ್ರವರ್ತಿಗಳು ಈ ತಟ್ಟೆಗಳನ್ನು ಮೆಚ್ಚಿ, ಇಂಥದ್ದೇ ಬೇಕು ಅಂತ ಹೇಳಿ ಮಾಡಿಸಿದರು. ಅಷ್ಟರಲ್ಲಿ ಕೋಬಾಲ್ಟ್ ಶುದ್ಧವಾಗಿತ್ತು. ಚುಕ್ಕೆ ತಾನಾಗಿ ಬರುತ್ತಿರಲಿಲ್ಲ. ಆಗ ಚಿತ್ರಗಾರರು ಕುಂಚದ ತುದಿಯಿಂದ ಒಂದೊಂದೇ ಚುಕ್ಕೆ ಇಟ್ಟರು. ಇವೆರಡರ ವ್ಯತ್ಯಾಸ ಕಣ್ಣಿಗೆ ಹಿಡಿಸಿದರೆ ಅರ್ಧ ವಿದ್ಯೆ ಬಂದಂತೆಯೇ. ಮೊದಲನೆಯದರಲ್ಲಿ ಚುಕ್ಕೆ ಎಲ್ಲೆಂದರಲ್ಲಿ, ಹೇಗೆಂದರೆ ಹಾಗೆ ಇರುತ್ತದೆ. ಎರಡನೆಯದರಲ್ಲಿ ಅದು ಚೊಕ್ಕವಾಗಿ, ಸಮವಾಗಿ, ಬೇಕೆಂದ ಕಡೆ ಕೂತಿರುತ್ತದೆ.

ಅದೇ ಷುವಾಂದೆ ಕಾಲದಲ್ಲಿ ಹುಟ್ಟಿದ ಇನ್ನೊಂದು ತಟ್ಟೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳದಿ ನೆಲದ ಮೇಲೆ ನೀಲಿ ಹೂವು. ನಡುವೆ ಗಾರ್ಡೇನಿಯಾದ ಒಂದು ಟೊಂಗೆ. ಸುತ್ತ ಇಳಿಜಾರಿನಲ್ಲಿ ಹಣ್ಣು ಬಿಟ್ಟ ಟೊಂಗೆಗಳು: ದ್ರಾಕ್ಷಿ ಇದೆ, ಬಿರಿದ ದಾಳಿಂಬೆ ಇದೆ. ಅವುಗಳ ನಡುವೆ ರಿಬ್ಬನ್ ಕಟ್ಟಿದ ತಾವರೆ ಗೊಂಚಲು. ಈ ಒಂದೇ ವಿನ್ಯಾಸವನ್ನು ಷುವಾಂದೆ, ಚೆಂಗ್‌ಹುವಾ, ಹೊಂಗ್‌ಝಿ, ಝೆಂಗ್‌ದೆ ಎಂಬ ಚಕ್ರವರ್ತಿಗಳ ಆಳ್ವಿಕೆಯಲ್ಲಿ, 1521ರವರೆಗೆ, ಹೆಚ್ಚುಕಡಿಮೆ ನೂರು ವರ್ಷ ಮಾಡಿಸಿದರು. ಚಿತ್ರಗಾರ ಬದಲಾದ, ರಾಜ ಬದಲಾದ, ಚಿತ್ರ ಬದಲಾಗಲಿಲ್ಲ.

ಮಾಡುವುದು ಹೀಗೆ. ಮೊದಲು ಬಿಳಿ ಮೈಯ ಮೇಲೆ ನೀಲಿ ಹೂ ಬರೆದು, ಗ್ಲೇಜ್ ಹಚ್ಚಿ, ದೊಡ್ಡ ಕಾವಿನಲ್ಲಿ ಸುಡುತ್ತಾರೆ. ಈಗ ಕೈಯಲ್ಲಿರುವುದು ಪೂರ್ತಿ ಮುಗಿದ, ಚೆಂದದ ನೀಲಿ-ಬಿಳಿ ತಟ್ಟೆ. ಅದರ ಮೇಲೆ ಹಳದಿ ಎನಾಮೆಲ್, ಅಂದರೆ ಬಣ್ಣದ ಗಾಜಿನ ಪುಡಿಯ ಲೇಪ, ಹಚ್ಚಬೇಕು. ಆದರೆ ಹೂವಿನ ಮೇಲೆ ಅಲ್ಲ. ಪ್ರತಿ ದಳ, ಪ್ರತಿ ಎಲೆ, ದ್ರಾಕ್ಷಿ ಬಳ್ಳಿಯ ಪ್ರತಿ ಸುರುಳಿಯ ಸುತ್ತಲೂ ಹಳದಿ ತುಂಬುತ್ತಾ ಹೋಗಬೇಕು. ಆಮೇಲೆ ಕಡಿಮೆ ಕಾವಿನಲ್ಲಿ ಎರಡನೇ ಸಲ ಸುಡುತ್ತಾರೆ. ಹತ್ತಿರದಿಂದ ನೋಡಿದರೆ ಈ ಕೆಲಸದ ಹೆಜ್ಜೆಗುರುತು ಸಿಗುತ್ತದೆ. ಹಳದಿ ಒಂದಿಷ್ಟು ಹಿಂದೆಯೇ ನಿಂತ ಕಡೆ, ಎಲೆಯ ಪಕ್ಕ ದಾರದಷ್ಟು ಬಿಳಿ ಉಳಿದಿರುತ್ತದೆ. ಸ್ವಲ್ಪ ಮುಂದೆ ಬಂದ ಕಡೆ ನೀಲಿಯ ಅಂಚು ಹಸಿರಾಗಿ ತಿರುಗಿರುತ್ತದೆ. ಐನೂರು ವರ್ಷದ ಹಿಂದಿನ ಒಬ್ಬ ಮನುಷ್ಯನ ಕೈ ನಡೆದ ದಾರಿ ಅದು. ಅವನ ಹೆಸರು ಎಲ್ಲೂ ಇಲ್ಲ.

ಹೆಸರು ಇರದಿರುವುದಕ್ಕೆ ಕಾರಣ ಕೆಲಸದ ವ್ಯವಸ್ಥೆಯೇ. ಫ್ರಾನ್ಸಿನ ಜೆಸ್ಯೂಟ್ ಪಾದ್ರಿ ದಾಂತ್ರಕೋಲ್ 1712ರಲ್ಲಿ ಮತ್ತು 1722ರಲ್ಲಿ ಜಿಂಗ್‌ದೆಝೆನ್ ಕೆಲಸದ ಬಗ್ಗೆ ಉದ್ದುದ್ದ ಪತ್ರ ಬರೆದ. ಒಂದು ಪಿಂಗಾಣಿ ಎಪ್ಪತ್ತು ಜನರ ಕೈ ದಾಟಿ ಬರುತ್ತದೆ ಅಂತ ಅಲ್ಲಿಯವರು ಹೇಳಿದ್ದನ್ನು ಅದರಲ್ಲಿ ದಾಖಲಿಸಿದ. ಮಣ್ಣು ಹದ ಮಾಡುವವರು ಬೇರೆ, ಚಕ್ರದ ಮೇಲೆ ಎತ್ತುವವರು ಬೇರೆ, ಬುಡ ಕೊರೆಯುವವರು ಬೇರೆ. ಚಿತ್ರದಲ್ಲೂ ಹಾಗೆಯೇ: ಗೆರೆ ಎಳೆಯುವವನು ಬಣ್ಣ ತುಂಬುವುದಿಲ್ಲ, ಬಣ್ಣ ತುಂಬುವವನು ಗೆರೆ ಎಳೆಯುವುದಿಲ್ಲ. ಕೈ ಒಂದೇ ಕೆಲಸಕ್ಕೆ ಪಳಗಲಿ, ಮನಸ್ಸು ಹಂಚಿಹೋಗದಿರಲಿ ಅನ್ನುವುದೇ ಇದರ ಉದ್ದೇಶ ಅಂತ ತಾಂಗ್ ಯಿಂಗ್ ವಿವರಿಸಿದ್ದಾನೆ.

ಈ ತಾಂಗ್ ಯಿಂಗ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1682ರಲ್ಲಿ ಹುಟ್ಟಿದವನು. ಚಿಕ್ಕಂದಿನಿಂದ ಅರಮನೆಯ ಕಾರ್ಯಾಗಾರದಲ್ಲಿ ಬೆಳೆದವನು. 1728ರಲ್ಲಿ, ವಯಸ್ಸು ನಲವತ್ತೈದು ದಾಟಿದ ಮೇಲೆ, ಪಿಂಗಾಣಿ ಕೆಲಸದ ಉಸ್ತುವಾರಿಗೆ ಅವನನ್ನು ಜಿಂಗ್‌ದೆಝೆನ್‌ಗೆ ಕಳಿಸಿದರು. ಪಿಂಗಾಣಿಯ ಗಂಧಗಾಳಿ ಅವನಿಗಿರಲಿಲ್ಲ. ಮನೆಗೆ ಬಂದು ಹೋಗುವವರನ್ನೆಲ್ಲ ಬಿಟ್ಟು, ಮೂರು ವರ್ಷ ಕೆಲಸಗಾರರ ಜೊತೆಯಲ್ಲೇ ಉಂಡು, ಅವರ ಜೊತೆಯಲ್ಲೇ ಮಲಗಿ ಕಲಿತೆ ಅಂತ ಅವನೇ ಬರೆದುಕೊಂಡಿದ್ದಾನೆ. 1743ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಆಜ್ಞೆಯಂತೆ, ಪಿಂಗಾಣಿ ತಯಾರಿಕೆಯ ಇಪ್ಪತ್ತು ಚಿತ್ರಗಳಿಗೆ ಒಂದೊಂದಾಗಿ ವಿವರಣೆ ಬರೆದ. ಕೆಲಸ ಹೇಗೆ ನಡೆಯುತ್ತಿತ್ತು ಅಂತ ಇವತ್ತು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಅಧಿಕಾರಿಯ ಋಣ. ಈ ತಟ್ಟೆಗಳ ಕಥೆಯಲ್ಲಿ ಯಾರಾದರೂ ಒಬ್ಬರ ಹೆಸರು ನೆನಪಿಡಬೇಕೆಂದರೆ ಚಕ್ರವರ್ತಿಯದ್ದಲ್ಲ, ಇವನದ್ದು.

ತಾಂಗ್ ಯಿಂಗ್ ಬರುವ ಹೊತ್ತಿಗೆ ಹೂವಿನ ಚಿತ್ರದಲ್ಲಿ ದೊಡ್ಡ ಬದಲಾವಣೆ ಆಗಿತ್ತು. ಅದಕ್ಕೆ ಕಾರಣ ಎರಡು ಹೊಸ ಬಣ್ಣ. ಅಲ್ಲಿಯವರೆಗೆ ಎನಾಮೆಲ್ ಬಣ್ಣಗಳೆಂದರೆ ಮುಖ್ಯವಾಗಿ ಹಸಿರು, ಹಳದಿ, ಕಂದು-ನೇರಳೆ, ಕಬ್ಬಿಣದ ಕೆಂಪು. ಹೆಚ್ಚಿನವು ಬಣ್ಣದ ಗಾಜಿನಂತೆ ಪಾರದರ್ಶಕ. ಗೆರೆಯೊಳಗೆ ಸಪಾಟಾಗಿ ತುಂಬಬಹುದಿತ್ತು, ಆದರೆ ಒಂದು ದಳದೊಳಗೇ ಗಾಢದಿಂದ ತಿಳಿಗೆ ಇಳಿಸುವುದು ಕಷ್ಟ. 1720ರ ಆಸುಪಾಸಿನಲ್ಲಿ, ಕಾಂಗ್‌ಶಿ ಚಕ್ರವರ್ತಿಯ ಕೊನೆಯ ವರ್ಷಗಳಲ್ಲಿ, ಗುಲಾಬಿ ಬಣ್ಣ ಬಂತು. ಅದು ಚಿನ್ನದಿಂದ ಹುಟ್ಟುವ ಬಣ್ಣ: ಅತಿ ಸೂಕ್ಷ್ಮವಾದ ಚಿನ್ನದ ಕಣಗಳು ಗಾಜಿನಲ್ಲಿ ಹರಡಿ ಕೆಂಪು-ಗುಲಾಬಿಯಾಗಿ ಕಾಣುತ್ತವೆ. ಇನ್ನೊಂದು ಸೀಸ ಮತ್ತು ಆರ್ಸೆನಿಕ್ ಸೇರಿದ ಗಟ್ಟಿ ಬಿಳಿ. ನನಗೆ ಗುಲಾಬಿಗಿಂತ ಈ ಬಿಳಿಯೇ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಅದನ್ನು ಯಾವ ಬಣ್ಣಕ್ಕೆ ಬೆರೆಸಿದರೂ ಆ ಬಣ್ಣ ತಿಳಿಯಾಗುತ್ತದೆ. ಒಂದೇ ಹಸಿರಿನಿಂದ ಹತ್ತು ಹಸಿರು ಸಿಗುತ್ತದೆ. ಚಿತ್ರಗಾರ ಮೊದಲು ದಳಕ್ಕೆ ಬಿಳಿ ಹಾಸಿ, ಅದರ ಮೇಲೆ ಗುಲಾಬಿ ಇಟ್ಟು, ಒದ್ದೆ ಕುಂಚದಿಂದ ತುದಿಯ ಕಡೆಗೆ ತೆಳುಗೊಳಿಸುತ್ತಾನೆ. ಪಿಯೊನಿ ಹೂವು ಮೊದಲ ಬಾರಿಗೆ ಮೃದುವಾಯಿತು.

ಮೊದಲು ಹೇಳಿದ ಪೀಚ್ ಹಣ್ಣನ್ನು ಭೂತಗನ್ನಡಿಯಲ್ಲಿ ನೋಡಿದರೆ ಇದು ಅರ್ಥವಾಗುತ್ತದೆ. ಹಣ್ಣಿನ ಮೈ ತಿಳಿ ಹಳದಿ-ಹಸಿರು. ಅದರ ಮೇಲೆ ಗುಲಾಬಿಯನ್ನು ಬಳಿದಿಲ್ಲ. ಸಣ್ಣ ಸಣ್ಣ ಚುಕ್ಕೆಗಳಾಗಿ ಇಟ್ಟಿದ್ದಾರೆ. ತುದಿಯಲ್ಲಿ ಒತ್ತೊತ್ತಾಗಿ, ಕೆಳಗೆ ಬಂದಂತೆ ವಿರಳವಾಗಿ. ದೂರದಿಂದ ಅದೇ ಹಣ್ಣಿನ ಕೆನ್ನೆಯ ಕೆಂಪಾಗಿ ಕಾಣುತ್ತದೆ. ಮತ್ತೊಂದು ವಿಷಯ: ಈ ಬಣ್ಣಗಳು ಗ್ಲೇಜ್‌ನ ಮೇಲೆ ಕೂತಿರುತ್ತವೆ. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಹೂವು ಬಿಳಿ ಮೈಯಿಂದ ಕೊಂಚ ಉಬ್ಬಿರುವುದು ಕಾಣುತ್ತದೆ. ಹಾಗಾಗಿ ಇವು ನೀಲಿಯಂತೆ ಅಜರಾಮರ ಅಲ್ಲ. ತಿಕ್ಕಿದರೆ ಸವೆಯುತ್ತವೆ.

ಇದೇ ಕಾಲದಲ್ಲಿ ಇನ್ನೂ ಒಂದು ದುಬಾರಿ ದಾರಿ ಇತ್ತು. ಜಿಂಗ್‌ದೆಝೆನ್‌ನಲ್ಲಿ ಬರೀ ಬಿಳಿ ತಟ್ಟೆ, ಬಟ್ಟಲು ಮಾಡಿ ಬೀಜಿಂಗ್‌ಗೆ ಕಳಿಸುವುದು. ಅಲ್ಲಿ ಅರಮನೆಯೊಳಗಿನ ಕಾರ್ಯಾಗಾರದಲ್ಲಿ, ರಾಜನ ಕಣ್ಣೆದುರೇ ಅನ್ನಬಹುದು, ಆಸ್ಥಾನದ ಚಿತ್ರಗಾರರಿಂದ ಹೂವು ಬರೆಸುವುದು. ಹೂವಿನ ಪಕ್ಕದಲ್ಲಿ ಎರಡು ಸಾಲು ಕವಿತೆ, ಕೆಂಪು ಮುದ್ರೆಗಳು. ಅಂಗೈ ಅಗಲದ ಒಂದು ಪೂರ್ತಿ ಚಿತ್ರಪಟ. ಯೊಂಗ್‌ಝೆಂಗ್ ಸ್ವತಃ ಮಾದರಿಗಳನ್ನು ತರಿಸಿ ನೋಡಿ, ಇಲ್ಲಿ ತಿದ್ದಿ, ಅಲ್ಲಿ ಬದಲಿಸಿ ಅಂತ ಹೇಳುತ್ತಿದ್ದ ಅನ್ನುವುದು ಅರಮನೆಯ ಕಡತಗಳಲ್ಲಿ ಉಳಿದಿದೆ.

ಇಷ್ಟು ಮಾಡಿದರೂ ಎಲ್ಲ ತಟ್ಟೆಗಳೂ ಅರಮನೆ ಸೇರುತ್ತಿರಲಿಲ್ಲ. ಜಿಂಗ್‌ದೆಝೆನ್‌ನ ಝುಶಾನ್ ಎಂಬ ಜಾಗದಲ್ಲಿ ಹಳೆಯ ಕಾರ್ಖಾನೆ ಇತ್ತು. 1980ರ ದಶಕದಲ್ಲಿ ಅಲ್ಲಿ ಅಗೆದಾಗ ಮಿಂಗ್ ಕಾಲದ ಪಿಂಗಾಣಿ ಚೂರುಗಳ ರಾಶಿಗಳೇ ಸಿಕ್ಕವು. ಬಣ್ಣ ಕೊಂಚ ಮಂಕಾದದ್ದು, ಆಕಾರ ಸ್ವಲ್ಪ ಸೊಟ್ಟಗಾದದ್ದು, ಎಲ್ಲವನ್ನೂ ಒಡೆದು ಹೂತುಬಿಟ್ಟಿದ್ದರು. ಸುಮ್ನೆ ಎಸೆದಿದ್ದಲ್ಲ. ಹೊರಗಿನವರ ಕೈಗೆ ಸಿಗಬಾರದು ಅಂತಲೇ ಒಡೆದದ್ದು. ಸಂಶೋಧಕರು ಆ ಚೂರುಗಳನ್ನು ಜೋಡಿಸಿ ತಟ್ಟೆಗಳನ್ನು ಮತ್ತೆ ನಿಲ್ಲಿಸಿದ್ದಾರೆ. ಅವುಗಳನ್ನು ನೋಡಿದಾಗ ತಪ್ಪು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಬೇಡವಾದದ್ದೇ ಇಷ್ಟು ಚೆಂದವಿದ್ದರೆ, ಬೇಕಾದದ್ದರ ಅಳತೆಗೋಲು ಹೇಗಿತ್ತು ಅಂತ ಊಹಿಸಿ.

ಅರಮನೆಯೊಳಗೂ ಯಾರು ಯಾವುದರಲ್ಲಿ ಉಣ್ಣಬೇಕು ಅನ್ನುವ ಕಟ್ಟುನಿಟ್ಟು ಇತ್ತು. ಕ್ವಿಂಗ್ ಕಾಲದ ನಿಯಮದ ಪ್ರಕಾರ ಒಳಗೂ ಹೊರಗೂ ಹಳದಿ ಇರುವ ಪಾತ್ರೆ ಚಕ್ರವರ್ತಿ, ರಾಜಮಾತೆ, ಪಟ್ಟದ ರಾಣಿಗೆ. ಹೊರಗೆ ಹಳದಿ, ಒಳಗೆ ಬಿಳಿ ಇದ್ದದ್ದು ಅವರ ಕೆಳಗಿನ ದರ್ಜೆಯ ರಾಣಿಗೆ. ಅದಕ್ಕೂ ಕೆಳಗಿನವರಿಗೆ ಹಳದಿ ನೆಲದ ಮೇಲೆ ಹಸಿರು ಡ್ರ್ಯಾಗನ್, ನೀಲಿ ನೆಲದ ಮೇಲೆ ಹಳದಿ ಡ್ರ್ಯಾಗನ್, ಹೀಗೆ ಇಳಿಯುತ್ತಾ ಹೋಗುತ್ತದೆ. ತಟ್ಟೆಯ ಬಣ್ಣ ನೋಡಿದರೆ ಉಣ್ಣುವವರ ಸ್ಥಾನ ತಿಳಿಯುತ್ತಿತ್ತು.

ಹೂವುಗಳಿಗೂ ಅರ್ಥ ಇತ್ತು. ಪಿಯೊನಿ ಸಿರಿವಂತಿಕೆಗೆ, ವಸಂತಕ್ಕೆ. ತಾವರೆ ಬೇಸಿಗೆಗೆ, ಶುದ್ಧಿಗೆ. ಸೇವಂತಿಗೆ ಶರತ್ಕಾಲಕ್ಕೆ. ಚಳಿಯಲ್ಲಿ ಎಲೆಗಿಂತ ಮೊದಲೇ ಅರಳುವ ಪ್ಲಮ್ ಹೂವು ಚಳಿಗಾಲಕ್ಕೆ, ಛಲಕ್ಕೆ. ದಾಳಿಂಬೆ ತುಂಬಿದ ಮಕ್ಕಳಿಗೆ. ನಾಲ್ಕೂ ಋತುವಿನ ಹೂವನ್ನು ಒಂದೇ ಬಳ್ಳಿಯಲ್ಲಿ ಬರೆದಿದ್ದರೆ ಅದು ಚಿತ್ರಗಾರನ ಅಜ್ಞಾನವಲ್ಲ, ವರ್ಷಪೂರ್ತಿ ಒಳ್ಳೆಯದಾಗಲಿ ಎಂಬ ಹಾರೈಕೆ.

ಹತ್ತೊಂಬತ್ತನೇ ಶತಮಾನದ ಕಥೆ ಚಿಕ್ಕದು. ತೈಪಿಂಗ್ ದಂಗೆಯಲ್ಲಿ, 1855ರಲ್ಲಿ, ಕಾರ್ಖಾನೆ ನಾಶವಾಯಿತು. ಮುಂದಿನ ದಶಕದಲ್ಲಿ ಮತ್ತೆ ಕಟ್ಟಿದರು. ರಾಜಮಾತೆ ತ್ಸಿಶಿ 1870ರ ದಶಕದಲ್ಲಿ ತನಗಾಗಿ ಒಂದು ಹೂವಿನ ಸರಣಿ ಮಾಡಿಸಿದಳು. ಬೀಜಿಂಗ್‌ನಲ್ಲಿ ಕಾಗದದ ಮೇಲೆ ಚಿತ್ರ ಬರೆಸಿ ಜಿಂಗ್‌ದೆಝೆನ್‌ಗೆ ಕಳಿಸಿದರು. ತಿಳಿ ನೀಲಿ-ಹಸಿರು, ಹಳದಿ, ಗುಲಾಬಿ ನೆಲಗಳ ಮೇಲೆ ಹೂವು, ಹಕ್ಕಿ, ಜೊತೆಗೆ ಅವಳ ಚಿತ್ರಶಾಲೆ ದಾಯಾಝಾಯ್ ಹೆಸರು. ಯೊಂಗ್‌ಝೆಂಗ್ ಕಾಲದ ಬಿಗಿ ಇವುಗಳಲ್ಲಿಲ್ಲ, ಬಣ್ಣವೂ ಸ್ವಲ್ಪ ಗದ್ದಲ. ಆದರೂ ಒಬ್ಬ ಹೆಣ್ಣಿನ ಇಷ್ಟ ಇಷ್ಟು ನೇರವಾಗಿ ಕಾಣುವ ಅರಮನೆ ಪಿಂಗಾಣಿ ಬೇರೆ ಸಿಗುವುದು ಅಪರೂಪ.

ಈಗ ತಳದ ಅಕ್ಷರಕ್ಕೆ ಬರೋಣ. ಸಾಮಾನ್ಯವಾಗಿ ಆರು ಅಕ್ಷರ: ಎರಡು ವಂಶದ ಹೆಸರು, ಎರಡು ಆಳ್ವಿಕೆಯ ಹೆಸರು, ಉಳಿದೆರಡು ಆ ವರ್ಷಗಳಲ್ಲಿ ಮಾಡಿದ್ದು ಅಂತ. ಓದುವುದು ಸುಲಭ, ನಂಬುವುದು ಕಷ್ಟ. ಚೀನಾದಲ್ಲಿ ಹಳೆಯ ರಾಜರ ಗುರುತು ಹಾಕುವುದನ್ನು ಯಾವಾಗಲೂ ಮೋಸ ಎಂದುಕೊಳ್ಳುತ್ತಿರಲಿಲ್ಲ. ಹಿರಿಯರ ಕೆಲಸಕ್ಕೆ ತೋರಿದ ಗೌರವವೂ ಆಗಿತ್ತು. ಕಾಂಗ್‌ಶಿ ಕಾಲದ ಕುಂಬಾರರು ಚೆಂಗ್‌ಹುವಾ ಗುರುತು ಹಾಕಿದರು. ಹತ್ತೊಂಬತ್ತನೇ ಶತಮಾನದವರು ಕಾಂಗ್‌ಶಿ ಗುರುತು ಹಾಕಿದರು. ಇನ್ನೊಂದು ಕಡೆ, ಯೊಂಗ್‌ಲೆ ಕಾಲದ ಆ ದೊಡ್ಡ ತಾವರೆ ತಟ್ಟೆಗಳಿಗೆ ಗುರುತೇ ಇಲ್ಲ. ತಳಕ್ಕೆ ಗ್ಲೇಜ್ ಕೂಡ ಇಲ್ಲ, ಬರೀ ಸುಟ್ಟ ನುಣುಪು ಮಣ್ಣು. ಗುರುತೊಂದನ್ನೇ ನಂಬಿ ಹೋದವರು ಅಂಥ ತಟ್ಟೆಯನ್ನು ಪಕ್ಕಕ್ಕಿಟ್ಟುಬಿಡುತ್ತಾರೆ.

2020ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಬ್ಬರು, ಮನೆಯಂಗಳದ ಹಳೆ ಸಾಮಾನು ಮಾರಾಟದಲ್ಲಿ 35 ಡಾಲರಿಗೆ ಒಂದು ಚಿಕ್ಕ ನೀಲಿ ಹೂವಿನ ಬಟ್ಟಲು ಕೊಂಡರು. ಅದು ಯೊಂಗ್‌ಲೆ ಆಸ್ಥಾನದ್ದು. 2021ರ ಮಾರ್ಚ್‌ನಲ್ಲಿ ಹರಾಜಿನಲ್ಲಿ 7,21,800 ಡಾಲರಿಗೆ ಹೋಯಿತು. ತಜ್ಞರು ಅದನ್ನು ಗುರುತಿಸಿದ್ದು ಆಕಾರದಿಂದ, ನೀಲಿಯ ಗುಣದಿಂದ, ಕೈಗೆ ರೇಷ್ಮೆಯಂತೆ ಹತ್ತುವ ಗ್ಲೇಜ್‌ನಿಂದ.

ನಮ್ಮ ಕಡೆಗೂ ಚೀನಾದ ಪಿಂಗಾಣಿ ಬಂದಿತ್ತು. ಹಂಪಿಯ ಉತ್ಖನನದಲ್ಲಿ ಅದರ ಚೂರುಗಳು ಸಿಕ್ಕಿವೆ, ವಿಜಯನಗರದ ದೊಡ್ಡವರ ಮನೆಗಳಲ್ಲಿ ಬಳಕೆಯಲ್ಲಿತ್ತು. ದೆಹಲಿಯ ತುಘಲಕ್ ಅರಮನೆಯ ಜಾಗದಲ್ಲಿ ಮಿಂಗ್‌ಗಿಂತ ಹಿಂದಿನ ಯುವಾನ್ ವಂಶದ ಕಾಲದ ದೊಡ್ಡ ಹೂಬಳ್ಳಿ ತಟ್ಟೆಗಳೇ ಸಿಕ್ಕಿವೆ. ಇನ್ನೊಂದು ನಂಟು: ಜಗತ್ತಿನ ಅತಿ ಮುಖ್ಯ ಖಾಸಗಿ ಸಂಗ್ರಹಗಳಲ್ಲಿ ಒಂದನ್ನು ಕಟ್ಟಿದ ಪರ್ಸಿವಲ್ ಡೇವಿಡ್ ಹುಟ್ಟಿದ್ದು 1892ರಲ್ಲಿ ಬಾಂಬೆಯಲ್ಲಿ. ಚೀನಾದ ಅರಮನೆಯವರು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಬಿಡಿಸಿಕೊಳ್ಳಲಾಗದ ಪಿಂಗಾಣಿಗಳಲ್ಲಿ ಕೆಲವನ್ನು ಕೊಂಡವನು ಅವನು. ಅವನು ಕೂಡಿಟ್ಟ ಸುಮಾರು 1,700 ವಸ್ತುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ 95ನೇ ಕೋಣೆಯಲ್ಲಿವೆ.

ಲಂಡನ್ನಿಗೆ ಹೋಗಲು ಆಗದಿದ್ದರೂ ಪರವಾಗಿಲ್ಲ. ಈ ಮ್ಯೂಸಿಯಮ್ಮು ಮತ್ತು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಹಳದಿ ನೆಲದ ಗಾರ್ಡೇನಿಯಾ ತಟ್ಟೆ ಒಂದನ್ನು ದೊಡ್ಡದು ಮಾಡಿ, ದ್ರಾಕ್ಷಿ ಬಳ್ಳಿಯ ಸುರುಳಿಯ ಪಕ್ಕ ಬಿಳಿ ದಾರ ಉಳಿದಿದೆಯಾ ನೋಡಿ. ಯೊಂಗ್‌ಲೆ ತಾವರೆ ತಟ್ಟೆಯನ್ನೂ, ಅದರ ಯೊಂಗ್‌ಝೆಂಗ್ ನಕಲನ್ನೂ ಅಕ್ಕಪಕ್ಕ ಇಟ್ಟು ಕಪ್ಪು ಚುಕ್ಕೆಗಳನ್ನು ಹೋಲಿಸಿ. ತಳದ ಫೋಟೋ ಇದ್ದರೆ ಅದನ್ನು ಕೊನೆಗೆ ತೆರೆಯಿರಿ.